ಟೋಬರ್ಮರಿಯ ಮುಳುಗಿದ ಹಡಗುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಾನ್ಯರೇ, ನಾವು ಟೊರೊಂಟೊ ಸುತ್ತಮುತ್ತ ನೆಲೆಸಿರುವ ಒಂಬತ್ತು ಮಂದಿ ಕನ್ನಡಿಗರು. ಆಗಸ್ಟ್ ತಿಂಗಳ ಒಂದು ಶನಿವಾರ ಮತ್ತು ಭಾನುವಾರ ಎಲ್ಲರೂ ಒಟ್ಟಿಗೆ ಹ್ಯೂರಾನ್ ಸರೋವರದ ದಡದ ಟೋಬರ್ಮರಿಗೆ ಹೋಗಿ, ಅಲ್ಲಿನ ಸಿಹಿನೀರಿನಲ್ಲಿ ಮುಳುಗಿರುವ ಹಳೆಯ ಹಡಗುಗಳನ್ನು ಸ್ಕೂಬಾ ಡೈವಿಂಗ್ ಮಾಡಿ ನೋಡಬೇಕೆಂದಿದ್ದೇವೆ. ನಮ್ಮಲ್ಲಿ ನಾಲ್ವರ ಬಳಿ ಡೈವಿಂಗ್ ತರಬೇತಿಯ ಮೊದಲ ಹಂತವಾದ ಓಪನ್ ವಾಟರ್ ಪ್ರಮಾಣಪತ್ರವಿದೆ. ಇಬ್ಬರು ಅದರ ಮುಂದಿನ ಅಡ್ವಾನ್ಸ್ಡ್ ಹಂತ ಮುಗಿಸಿದ್ದಾರೆ, ಆದರೆ ಅವರ ಆಳದ ಡೈವ್‌ಗಳೆಲ್ಲ ಕ್ಯಾರಿಬಿಯನ್ ಸಮುದ್ರದಲ್ಲಿ ನಡೆದವು. ಒಬ್ಬ ಗೆಳೆಯ ಊರಿಗೆ ಹೋಗಿದ್ದಾಗ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಒಮ್ಮೆ ಸ್ಕೂಬಾ ಮಾಡಿ ಬಂದಿದ್ದಾನೆ. ಉಳಿದಿಬ್ಬರು ನೀರಿಗಿಳಿಯುವುದಿಲ್ಲ. ಅಡ್ವಾನ್ಸ್ಡ್ ಆದವರು ‘ಅರೇಬಿಯಾ’ ಎಂಬ ಹಡಗನ್ನು ನೋಡಲೇಬೇಕೆಂದು ಹಟ ಹಿಡಿದಿದ್ದಾರೆ. ಎಲ್ಲರೂ ಒಟ್ಟಿಗೆ ಇಳಿದರೆ ಧೈರ್ಯವೂ ಇರುತ್ತದೆ ಎಂಬುದು ಅವರ ವಾದ. ಓಪನ್ ವಾಟರ್ ಗೆಳೆಯರಲ್ಲಿ ಒಬ್ಬರಿಗೆ ಭಾನುವಾರ ರಾತ್ರಿ 10 ಗಂಟೆಗೆ ಬೆಂಗಳೂರಿನ ಕಡೆಗೆ ವಿಮಾನವಿದೆ. ಎರಡು ದಿನಗಳನ್ನು ಹೇಗೆ ಹೊಂದಿಸಿಕೊಳ್ಳಬೇಕು?
(ಮಿಸಿಸಾಗಾದ ಓದುಗರೊಬ್ಬರು)

ಉತ್ತರ: ನಿಮ್ಮ ಪತ್ರದಲ್ಲಿ ‘ಎಲ್ಲರೂ ಒಟ್ಟಿಗೆ’ ಎಂಬ ಮಾತು ಎರಡು ಸಲ ಬಂದಿದೆ. ಮೊದಲನೆಯದಕ್ಕೆ ನನ್ನ ತಕರಾರಿಲ್ಲ, ಎರಡನೆಯದನ್ನು ಮಾತ್ರ ನೀವು ಕೈಬಿಡಬೇಕು. ಕಾರು, ಊಟ, ವಸತಿ, ಹರಟೆ ಎಲ್ಲವೂ ಒಟ್ಟಿಗೆ ಆಗಲಿ, ಆದರೆ ನೀರಿನೊಳಗೆ ಗುಂಪು ಎಂಬುದಿಲ್ಲ, ಅಲ್ಲಿರುವುದು ಜೋಡಿಗಳು ಮಾತ್ರ. ಆರು ಜನ ಸಾಲಾಗಿ ಇಳಿದಾಗ ಪ್ರತಿಯೊಬ್ಬನೂ ತನ್ನ ಪಕ್ಕದವನನ್ನು ಬೇರೆ ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದುಕೊಳ್ಳುತ್ತಾನೆ, ಕೊನೆಗೆ ಯಾರೂ ಯಾರನ್ನೂ ನೋಡಿರುವುದಿಲ್ಲ. ನಿಮ್ಮ ಆರು ಮಂದಿಯನ್ನು ಮೂರು ಜೋಡಿಗಳಾಗಿ ಮನೆಯಲ್ಲಿಯೇ ಹಂಚಿ, ಆ ಜೋಡಿಗಳನ್ನು ಶನಿವಾರ ಪೂರ್ತಿ ಬದಲಿಸಬೇಡಿ.

ನೇತ್ರಾಣಿಗೆ ಹೋಗಿ ಬಂದ ಗೆಳೆಯರ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇದೇ ಪ್ರಶ್ನೆ ನನಗೆ ವರ್ಷಕ್ಕೆ ಹತ್ತಾರು ಬಾರಿ ಬರುತ್ತದೆ. ಅಲ್ಲಿ ಶಿಕ್ಷಕರೊಬ್ಬರು ಅವರ ಸಿಲಿಂಡರಿನ ಕತ್ತನ್ನು ಹಿಡಿದುಕೊಂಡು, ಗಾಳಿಯ ಜಾಕೆಟ್ಟಿನ ಗುಂಡಿಗಳನ್ನು ತಾವೇ ಒತ್ತುತ್ತಾ, ಮೀನು ತೋರಿಸಿ, ವಿಡಿಯೊ ತೆಗೆದು ಮೇಲಕ್ಕೆ ಕರೆತಂದಿರುತ್ತಾರೆ. ಅದು ಒಳ್ಳೆಯ ಅನುಭವವೇ. ಆದರೆ ಕೊನೆಗೆ ಕೈಗೆ ಬರುವ ಬಣ್ಣದ ಕಾಗದ ನೆನಪಿನ ಕಾಗದವಷ್ಟೇ, ಡೈವ್ ಮಾಡಲು ಪರವಾನಗಿಯಲ್ಲ. ಅದನ್ನು ತೋರಿಸಿದರೆ ಟೋಬರ್ಮರಿಯಲ್ಲಿ ಯಾರೂ ಸಿಲಿಂಡರ್ ಕೊಡುವುದಿಲ್ಲ, ಕೊಡಲೂಬಾರದು. ಅವರು ಆಗಸ್ಟಿನೊಳಗೆ ಓಪನ್ ವಾಟರ್ ತರಬೇತಿಯನ್ನು ಮುಗಿಸಿಕೊಂಡರೆ ಸರಿ, ಇಲ್ಲವಾದರೆ ಬಿಗ್ ಟಬ್ ದೀಪಸ್ತಂಭದ ಬಳಿಯ ದಡದಲ್ಲಿ ಸ್ನಾರ್ಕಲ್ ಹಾಕಿಕೊಂಡು ತೇಲುವುದರಲ್ಲಿ ಅವರಿಗೆ ಯಾವ ಅವಮಾನವೂ ಇಲ್ಲ.

ಇನ್ನು ಸ್ಥಳದ ಬಗ್ಗೆ. ಹ್ಯೂರಾನ್ ಸರೋವರ ಮತ್ತು ಜಾರ್ಜಿಯನ್ ಕೊಲ್ಲಿ ಕೂಡುವ ಕಡೆ, ಬ್ರೂಸ್ ಪರ್ಯಾಯ ದ್ವೀಪದ ತುದಿಯಲ್ಲಿ, ಟೊರೊಂಟೊದಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿರುವ ಟೋಬರ್ಮರಿಯ ಸುತ್ತಲಿನ ನೀರು 1987ರಲ್ಲಿ ಸ್ಥಾಪನೆಯಾದ ಫ್ಯಾದಮ್ ಫೈವ್ ರಾಷ್ಟ್ರೀಯ ಸಾಗರ ಉದ್ಯಾನದ ವ್ಯಾಪ್ತಿಗೆ ಸೇರಿದೆ. ಅದರೊಳಗೆ ಇಪ್ಪತ್ತಕ್ಕೂ ಹೆಚ್ಚು ಹಡಗುಗಳು ಮುಳುಗಿವೆ. ಡೈವ್ ಮಾಡುವ ಪ್ರತಿಯೊಬ್ಬರೂ ಪಾರ್ಕ್ಸ್ ಕೆನಡಾದಲ್ಲಿ ಹೆಸರು ನೋಂದಾಯಿಸಬೇಕಾಗಿರುವುದರಿಂದ ಎಲ್ಲರ ಪ್ರಮಾಣಪತ್ರಗಳನ್ನೂ ಒಂದೇ ಚೀಲದಲ್ಲಿಟ್ಟುಕೊಂಡು ಹೊರಡಿ. ಅದನ್ನು ಮನೆಯಲ್ಲಿ ಮರೆತು ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದು ಪೆಚ್ಚಾಗಿ ನಿಂತವರನ್ನು ನಾನು ಕಂಡಿದ್ದೇನೆ.

ಶನಿವಾರದ ಮೊದಲ ಡೈವ್ ‘ಸ್ವೀಪ್‌ಸ್ಟೇಕ್ಸ್’ ಆಗಿರಲಿ. 1867ರಲ್ಲಿ ಆಂಟೇರಿಯೊದ ಬರ್ಲಿಂಗ್ಟನ್‌ನಲ್ಲಿ ಕಟ್ಟಿದ, ಎರಡು ಕೂವೆಮರಗಳಿದ್ದ ಸುಮಾರು 36 ಮೀಟರ್ ಉದ್ದದ ಈ ಹಾಯಿಹಡಗು ಕಲ್ಲಿದ್ದಲು ಹೊತ್ತು ಬರುತ್ತಿದ್ದಾಗ 1885ರ ಆಗಸ್ಟಿನಲ್ಲಿ ಕೋವ್ ದ್ವೀಪದ ಬಳಿ ಪೆಟ್ಟು ತಿಂದಿತು. ಅದನ್ನು ಎಳೆದು ತಂದು ಬಿಗ್ ಟಬ್ ಎಂಬ ಇಕ್ಕಟ್ಟಾದ ಬಂದರಿನಲ್ಲಿ ನಿಲ್ಲಿಸಿದರು, ಮರುತಿಂಗಳು ಅದು ಅಲ್ಲಿಯೇ ಮುಳುಗಿತು. ಕಲ್ಲಿದ್ದಲನ್ನು ಮೇಲೆತ್ತಿಕೊಂಡರು, ಹಡಗು ಉಳಿಯಿತು. ತಳ ಕೇವಲ ಆರು ಏಳು ಮೀಟರ್ ಆಳದಲ್ಲಿದೆ. ಮೂತಿಯ ಕಡೆಯಿಂದ ನಿಧಾನವಾಗಿ ಸಾಗಿದರೆ ಲಂಗರಿನ ಸರಪಳಿಯನ್ನು ಸುತ್ತುತ್ತಿದ್ದ ದಪ್ಪ ಮರದ ರಾಟೆ ಇನ್ನೂ ತನ್ನ ಜಾಗದಲ್ಲಿಯೇ ಕುಳಿತಿರುವುದು ಕಾಣುತ್ತದೆ. ಹಲಗೆಗಳ ಕೂಡು, ಕಬ್ಬಿಣದ ಮೊಳೆಯ ತಲೆ, ಬಡಗಿಯ ಉಳಿಯ ಗುರುತು ಇವನ್ನೆಲ್ಲ ಒಂದು ಗೇಣು ದೂರದಿಂದ ನೋಡಬಹುದು. ಹಡಗಿನ ಹೊಟ್ಟೆಯೊಳಗೆ ಪ್ರವೇಶವಿಲ್ಲ. ಅದಕ್ಕೆ ಕಾರಣವೂ ಇದೆ: ನಾವು ಬಿಟ್ಟ ಉಸಿರಿನ ಗುಳ್ಳೆಗಳು ಮೇಲಿನ ಹಲಗೆಗಳ ಅಡಿಯಲ್ಲಿ ಸೇರಿಕೊಂಡು ಅವನ್ನು ಮೇಲಕ್ಕೊತ್ತುತ್ತವೆ, ಒಂದೂವರೆ ಶತಮಾನದ ಮರ ಅದನ್ನು ತಾಳದು. ಅದೇ ಬಂದರಿನ ಒಳತುದಿಯಲ್ಲಿ, 1907ರಲ್ಲಿ ಬೆಂಕಿ ಬಿದ್ದು ಸುಟ್ಟ ‘ಸಿಟಿ ಆಫ್ ಗ್ರ್ಯಾಂಡ್ ರ್‍ಯಾಪಿಡ್ಸ್’ ಎಂಬ ಉಗಿಹಡಗಿನ ಅವಶೇಷವಿದೆ. ಈ ಎರಡೂ ಹಡಗುಗಳ ಮೇಲೆ ಗಾಜಿನ ತಳದ ಪ್ರವಾಸಿ ದೋಣಿಗಳು ಓಡಾಡುವುದರಿಂದ ಡೈವರ್‌ಗಳಿಗೆ ಯಾವ ಹೊತ್ತಿನಲ್ಲಿ ಅನುಮತಿ ಎಂಬುದನ್ನು ನೋಂದಾಯಿಸುವಾಗಲೇ ಕೇಳಿಕೊಳ್ಳಿ.

ಆರು ಮೀಟರ್ ಆಳದ ಹಡಗನ್ನು ಮೊದಲು ನೋಡಿ ಎಂದರೆ ನಿಮ್ಮ ಅಡ್ವಾನ್ಸ್ಡ್ ಗೆಳೆಯರು ಮೂಗು ಮುರಿಯಬಹುದು. ಅವರು ಅಲ್ಲಿ ಹಡಗು ನೋಡುವುದಕ್ಕಿಂತ ತಮ್ಮನ್ನು ತಾವು ನೋಡಿಕೊಳ್ಳಲಿ ಎಂಬುದು ನನ್ನ ಉದ್ದೇಶ. ದಪ್ಪ ಕೈಗವಸು ತೊಟ್ಟ ಬೆರಳು ಜಾಕೆಟ್ಟಿನ ಗುಂಡಿಯನ್ನು ಹುಡುಕಬಲ್ಲುದೇ, ಮುಖವಾಡಕ್ಕೆ ತಣ್ಣೀರು ನುಗ್ಗಿದಾಗ ಉಸಿರು ಕಟ್ಟುತ್ತದೆಯೇ, ಮುಳುಗಲೆಂದು ಸೊಂಟಕ್ಕೆ ಕಟ್ಟಿದ ಸೀಸ ಹೆಚ್ಚಾಯಿತೇ ಎಂಬುದೆಲ್ಲ ಇಲ್ಲಿಯೇ ಗೊತ್ತಾಗಬೇಕು. ಮಧ್ಯಾಹ್ನ ಗಾಳಿ ಅನುಕೂಲವಾಗಿದ್ದರೆ ಬಾಡಿಗೆ ದೋಣಿಯಲ್ಲಿ ರಸೆಲ್ ದ್ವೀಪದ ಬಳಿಯ ‘ಡಬ್ಲ್ಯು. ಎಲ್. ವೆಟ್‌ಮೋರ್’ಗೆ ಹೋಗಿ. 1901ರ ಬಿರುಗಾಳಿಯಲ್ಲಿ ಒಡೆದ ಈ ಉಗಿಹಡಗಿನ ಬಾಯ್ಲರ್, ಚುಕ್ಕಾಣಿ ಮತ್ತು ಒಂದು ಭಾರಿ ಲಂಗರು ಸುಮಾರು ಒಂಬತ್ತು ಮೀಟರ್ ಆಳದಲ್ಲಿ ಹರಡಿಕೊಂಡಿವೆ. ನನ್ನ ಮಟ್ಟಿಗೆ, ಓಪನ್ ವಾಟರ್ ಹಂತದವರಿಗೆ ಟೋಬರ್ಮರಿಯಲ್ಲಿ ಇದಕ್ಕಿಂತ ತೃಪ್ತಿಕರವಾದ ಡೈವ್ ಇನ್ನೊಂದಿಲ್ಲ.

ಈಗ ಅರೇಬಿಯಾ. ಷಿಕಾಗೋದಿಂದ ಮೆಕ್ಕೆಜೋಳ ತುಂಬಿಕೊಂಡು ಬರುತ್ತಿದ್ದ ಈ ಹಾಯಿಹಡಗು 1884ರಲ್ಲಿ ಎಕೋ ದ್ವೀಪದ ಬಳಿ ಮುಳುಗಿತು. ಮೂತಿಯ ಕಂಬ, ಲಂಗರುಗಳು, ಚುಕ್ಕಾಣಿಚಕ್ರ ಎಲ್ಲವೂ ಇದ್ದಲ್ಲಿಯೇ ಇರುವುದರಿಂದ ಅದರ ಆಕರ್ಷಣೆ ದೊಡ್ಡದು. ತಳ 33ರಿಂದ 36 ಮೀಟರ್ ಆಳದಲ್ಲಿದೆ, ಅಂದರೆ ಅಡ್ವಾನ್ಸ್ಡ್ ಹಂತದವರಿಗೆ ಹೇಳಿರುವ 30 ಮೀಟರ್ ಮಿತಿಯ ಆಚೆಗೆ. ಹಲವು ಡೈವರ್‌ಗಳು ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಆಳವೊಂದೇ ಇದ್ದಿದ್ದರೆ ನಾನು ಇಷ್ಟು ಬಿಗಿಯಾಗಿ ಬರೆಯುತ್ತಿರಲಿಲ್ಲ. ಆಳದ ಜೊತೆಗೆ ಅಲ್ಲಿ ಚಳಿಯಿದೆ, ಕ್ಯಾರಿಬಿಯನ್ ನೀರಿನಲ್ಲಿ ಸಂಪಾದಿಸಿದ ಅನುಭವ ಈ ಚಳಿಯ ಮುಂದೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ಸಿಹಿನೀರು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತ್ಯಂತ ಭಾರವಾಗಿರುತ್ತದೆ. ಆದ್ದರಿಂದ ಚಳಿಗಾಲದ ತಣ್ಣೀರು ಬೇಸಿಗೆಯಲ್ಲಿಯೂ ತಳ ಬಿಟ್ಟು ಕದಲುವುದಿಲ್ಲ, ಬಿಸಿಲಿಗೆ ಕಾದ ನೀರು ಮೇಲೆ ಹೊದಿಕೆಯಂತೆ ತೇಲುತ್ತಿರುತ್ತದೆ. ಆಗಸ್ಟಿನಲ್ಲಿ ಮೇಲ್ಮೈ 18 ಡಿಗ್ರಿ ಮುಟ್ಟಿದ್ದರೂ ಅರೇಬಿಯಾದ ಆಳದಲ್ಲಿ ಅದು 4ರಿಂದ 6 ಡಿಗ್ರಿ ಇರಬಹುದು. ಇಳಿಯುತ್ತಾ ಹೋದಂತೆ ಒಂದು ಕಡೆ ನೀರು ಕಾದ ಡಾಂಬರು ರಸ್ತೆಯ ಮೇಲಿನ ಬಿಸಿಲ್ಗುದುರೆಯ ಹಾಗೆ ನಡುಗುತ್ತಿರುವುದು ಕಾಣುತ್ತದೆ. ಬೆಚ್ಚಗಿನ ನೀರೂ ತಣ್ಣೀರೂ ಸೇರುವ ಪದರ ಅದು, ಇಲ್ಲಿನವರು ಅದನ್ನು ಥರ್ಮೋಕ್ಲೈನ್ ಎನ್ನುತ್ತಾರೆ. ಅದನ್ನು ದಾಟಿದ ಕ್ಷಣ, ಟೋಪಿಗೂ ಮುಖವಾಡಕ್ಕೂ ನಡುವೆ ಬರಿದಾಗಿ ಉಳಿದ ಒಂದು ಬೆರಳಗಲದ ಹಣೆಯ ಮೇಲೆ ಯಾರೋ ಐಸ್‌ಕ್ಯಾಂಡಿ ಒತ್ತಿ ಹಿಡಿದಂತೆ ನೋವು ಹತ್ತುತ್ತದೆ.

ಈ ನೀರಿನಲ್ಲಿ ರೆಗ್ಯುಲೇಟರ್, ಅಂದರೆ ಸಿಲಿಂಡರಿನ ಗಾಳಿಯ ಒತ್ತಡವನ್ನು ಇಳಿಸಿ ಬಾಯಿಗೆ ಒದಗಿಸುವ ಸಾಧನ ಕೂಡ ಕೈಕೊಡಬಹುದು. ಸಿಲಿಂಡರಿನ 200 ಬಾರ್ ಒತ್ತಡದ ಗಾಳಿ ಅದರ ಮೊದಲ ಹಂತದಲ್ಲಿ ಒಮ್ಮೆಲೇ ಹತ್ತು ಬಾರ್‌ನಷ್ಟಕ್ಕೆ ಹಿಗ್ಗುವಾಗ ಶೂನ್ಯಕ್ಕಿಂತ ಬಹಳ ಕೆಳಗೆ ತಣಿಯುತ್ತದೆ. ಸುತ್ತಲಿನ ನೀರು 10 ಡಿಗ್ರಿಗಿಂತ ಕಡಿಮೆಯಿದ್ದರೆ ಒಳಗೆ ಮಂಜುಗಡ್ಡೆ ಕಟ್ಟಿ, ಕವಾಟ ಮುಚ್ಚಿಕೊಳ್ಳದೆ, ಗಾಳಿ ಬೋರ್ಗರೆಯುತ್ತಾ ಹೊರಬರತೊಡಗುತ್ತದೆ. ಬಹಳ ವರ್ಷಗಳ ಹಿಂದೆ 25 ಮೀಟರ್ ಆಳದಲ್ಲಿ ನನಗೆ ಹೀಗಾಯಿತು. ತಪ್ಪು ನನ್ನದೇ: ಬೆಚ್ಚಗಿನ ನೀರಿಗೆಂದು ಮಾಡಿದ ರೆಗ್ಯುಲೇಟರನ್ನು ಬಾಡಿಗೆಗೆ ತಂದದ್ದಲ್ಲದೆ, ಜೋರಾಗಿ ಉಸಿರೆಳೆಯುತ್ತಿರುವಾಗಲೇ ಜಾಕೆಟ್ಟಿಗೂ ಗಾಳಿ ತುಂಬಿದ್ದೆ. ಕಣ್ಣೆದುರು ಗುಳ್ಳೆಗಳ ಗೋಡೆಯನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ನನ್ನ ಜೊತೆಗಾರ್ತಿ ಎರಡು ಅಡಿ ದೂರದಲ್ಲಿದ್ದುದರಿಂದ ಅವಳ ಹೆಚ್ಚುವರಿ ಬಾಯಿಕೊಳವೆ ಕೈಗೆ ಸಿಕ್ಕಿತು. ಮೇಲೆ ಬಂದು ನೋಡುವಾಗ ನನ್ನ ಸಿಲಿಂಡರಿನ ಮುಳ್ಳು ಶೂನ್ಯದ ಹತ್ತಿರ ಬಂದಿತ್ತು. ಹೀಗಾದಾಗ ರೆಗ್ಯುಲೇಟರನ್ನು ಬಾಯಿಂದ ಕಿತ್ತೆಸೆಯಬಾರದು. ತುಟಿಯನ್ನು ಸಡಿಲಿಸಿ, ಹೆಚ್ಚಿನ ಗಾಳಿ ಪಕ್ಕದಿಂದ ಹೋಗಲು ಬಿಟ್ಟು, ಬೇಕಾದಷ್ಟನ್ನು ಗುಟುಕರಿಸುತ್ತಾ ಜೊತೆಗಾರನಿಗೆ ಸನ್ನೆ ಮಾಡಿ ಇಬ್ಬರೂ ಮೇಲೇರಬೇಕು. ಸ್ವೀಪ್‌ಸ್ಟೇಕ್ಸ್‌ನಲ್ಲಿ ಇದನ್ನು ಒಂದೆರಡು ಬಾರಿ ಅಭಿನಯಿಸಿ ನೋಡಿ, ಬಾಡಿಗೆಗೆ ತರುವಾಗ ತಣ್ಣೀರಿಗೆ ಯೋಗ್ಯವಾದ ರೆಗ್ಯುಲೇಟರೇ ಬೇಕೆಂದು ಬಾಯಿಬಿಟ್ಟು ಕೇಳಿ.

ಲೆಕ್ಕವನ್ನೂ ಒಮ್ಮೆ ಹಾಕೋಣ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ ಸುಮಾರು 2,200 ಲೀಟರ್ ಗಾಳಿ ಹಿಡಿಯುತ್ತದೆ. ಚಳಿಯಲ್ಲಿ ಒಬ್ಬರು ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುತ್ತಾರೆಂದಿಟ್ಟುಕೊಂಡರೆ, 30 ಮೀಟರ್ ಆಳದಲ್ಲಿ ಒತ್ತಡ ನಾಲ್ಕು ಪಟ್ಟಾಗಿರುವುದರಿಂದ ಅದು 80 ಲೀಟರ್ ಆಗುತ್ತದೆ. ಸಿಲಿಂಡರಿನ 200 ಬಾರ್‌ನಲ್ಲಿ 50 ಬಾರ್ ಅನ್ನು ಮುಟ್ಟದೆ ಮೀಸಲಿಟ್ಟರೆ ಉಳಿಯುವುದು 20 ನಿಮಿಷಗಳು ಮಾತ್ರ. ಇಳಿಯುವುದು, ಏರುವುದು, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದು ಎಲ್ಲವೂ ಅದರಲ್ಲಿಯೇ ಮುಗಿಯಬೇಕು. ಗಾಬರಿಯಲ್ಲಿ ಉಸಿರು ಇಮ್ಮಡಿಯಾದರೆ ಈ ಲೆಕ್ಕ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ನಿಮ್ಮ ಅಡ್ವಾನ್ಸ್ಡ್ ಗೆಳೆಯರು ಭಾನುವಾರ ಬೆಳಿಗ್ಗೆ, ಡೈವರ್‌ಗಳಿಗೆಂದೇ 1999ರಲ್ಲಿ ಬೇಕಂತಲೇ ಮುಳುಗಿಸಿದ ‘ನಯಾಗರ 2’ ಎಂಬ ಉಕ್ಕಿನ ಹಡಗಿಗೆ ಹೋಗಲಿ. ಅದರ ತಳ ಸುಮಾರು 30 ಮೀಟರಿನಲ್ಲಿದ್ದರೂ ಮೇಲ್ಭಾಗ ಅದರ ಅರ್ಧ ಆಳಕ್ಕೇ ಸಿಗುತ್ತದೆ. ಬೇಡವೆನಿಸಿದ ಕಡೆ ನಿಂತುಕೊಳ್ಳಬಹುದು. ಅರೇಬಿಯಾ ಇನ್ನೊಂದು ವರ್ಷಕ್ಕಿರಲಿ, ನೂರ ನಲವತ್ತು ವರ್ಷ ಕಾದ ಹಡಗು ಇನ್ನೂ ಸ್ವಲ್ಪ ಕಾಯುತ್ತದೆ.

ಭಾನುವಾರ ರಾತ್ರಿ ವಿಮಾನ ಹತ್ತುವವರು ಶನಿವಾರ ಸಂಜೆಯ ನಂತರ ನೀರಿಗಿಳಿಯುವಂತಿಲ್ಲ. ಆಳದಲ್ಲಿ ಮೈಯೊಳಗೆ ಕರಗಿದ ಸಾರಜನಕ, ಎತ್ತರದ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗಿ ಅಪಾಯ ತರಬಹುದು. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ವಿಮಾನಕ್ಕೆ ಮುನ್ನ ಕನಿಷ್ಠ 18 ಗಂಟೆ ಬಿಡಬೇಕೆಂದು ಡೈವರ್‌ಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆಯಿದೆ. ರಾತ್ರಿ 10ರಿಂದ ಹಿಂದಕ್ಕೆ ಎಣಿಸಿದರೆ ಅದು ಭಾನುವಾರ ಬೆಳಗಿನ ಜಾವ 4 ಗಂಟೆಗೆ ಬಂದು ನಿಲ್ಲುತ್ತದೆ. ಅವರು ಹಿಂದುಳಿದರೆ ಅವರ ಜೊತೆಗಾರ ಒಂಟಿಯಾಗುತ್ತಾರೆ. ಆಗ ಉಳಿದ ಮೂವರು ಓಪನ್ ವಾಟರ್ ಗೆಳೆಯರಲ್ಲಿ ಪ್ರತಿ ಡೈವಿಗೆ ಇಬ್ಬರು ಇಳಿದು ಒಬ್ಬರು ದೋಣಿಯಲ್ಲಿರಲಿ. ಒಂಟಿಯಾದವರನ್ನು ನಯಾಗರ 2ಕ್ಕೆ ಹೋಗುವ ಜೋಡಿಗೆ ಅಂಟಿಸುವ ಯೋಚನೆ ಬರುತ್ತದೆ, ಅದನ್ನು ಮಾಡಬೇಡಿ. ಓಪನ್ ವಾಟರ್ ಮಿತಿ 18 ಮೀಟರ್. ಕಾರಿನಲ್ಲಿ ಟೊರೊಂಟೊಗೆ ಮರಳುವ ದಾರಿ ಸುಮಾರು 500 ಮೀಟರ್ ಎತ್ತರದ ಪ್ರದೇಶವನ್ನು ಹಾಯ್ದು ಬರುತ್ತದೆಯಾದರೂ, ವಿಮಾನದ ಈ ನಿಯಮ ಅನ್ವಯವಾಗುವುದು 600 ಮೀಟರಿನಿಂದ ಮೇಲಕ್ಕೆ. ಆ ಬಗ್ಗೆ ಚಿಂತೆ ಬೇಡ.

ಪ್ರಶ್ನೆ: ನನಗೆ 54 ವರ್ಷ. ಏಳು ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಒತ್ತಡ ಹತೋಟಿಯಲ್ಲಿದೆ. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯನಾದ್ದರಿಂದ ನಾನು ಮಾತ್ರೆಯ ವಿಷಯ ಹೇಳಿ ಕಿರಿಯರ ಉತ್ಸಾಹಕ್ಕೆ ತಣ್ಣೀರೆರಚುವುದೇಕೆ ಎಂದು ಸುಮ್ಮನಿದ್ದೇನೆ. ಡೈವಿಂಗ್ ಅರ್ಜಿಯಲ್ಲಿ ‘ಇಲ್ಲ’ ಎಂದು ಗುರುತು ಹಾಕಿದರೆ ಏನಾಗುತ್ತದೆ?
(ಹ್ಯಾಮಿಲ್ಟನ್‌ನ ಓದುಗರೊಬ್ಬರು)

ಉತ್ತರ: ‘ಹೌದು’ ಎಂದು ಗುರುತು ಹಾಕಿ. ಆಗ ಅವರು ವೈದ್ಯರ ಸಹಿ ಕೇಳುತ್ತಾರೆ, ಹತೋಟಿಯಲ್ಲಿರುವ ರಕ್ತದೊತ್ತಡದವರಿಗೆ ಹೃದಯದ ಪರೀಕ್ಷೆ ಮಾಡಿ ಒಪ್ಪಿಗೆ ಕೊಡುವುದು ಅಪರೂಪವೇನಲ್ಲ. ತಣ್ಣೀರಿಗೆ ಇಳಿದಾಗ ಕೈಕಾಲಿನ ರಕ್ತನಾಳಗಳು ಸೆಟೆದುಕೊಂಡು ರಕ್ತ ಎದೆಯ ಕಡೆಗೆ ಸರಿಯುತ್ತದೆ, ಮೈಗೆ ಬಿಗಿಯಾದ ಸೂಟು ಅದಕ್ಕೆ ಇನ್ನಷ್ಟು ಒತ್ತಾಸೆಯಾಗುತ್ತದೆ. ರಕ್ತದೊತ್ತಡವಿರುವ ಕೆಲವರಲ್ಲಿ ಇದರಿಂದ ಶ್ವಾಸಕೋಶದೊಳಗೆ ನೀರೂರಿ, ಸಿಲಿಂಡರಿನಲ್ಲಿ ಬೇಕಾದಷ್ಟು ಗಾಳಿಯಿದ್ದರೂ ಉಸಿರು ಸಾಲದಾಗುತ್ತದೆ, ಕೆಮ್ಮು ಬರುತ್ತದೆ, ಕಫದಲ್ಲಿ ಕೆಂಪು ನೊರೆ ಕಾಣಬಹುದು. ಇಂಥ ಸ್ಥಿತಿಯಲ್ಲಿ ನೀವು ಸನ್ನೆ ಮಾಡಿದರೆ ಜೊತೆಗಾರನಿಗೆ ಅದರ ಅರ್ಥ ಹೊಳೆಯಬೇಕಾದರೆ ನಿಮ್ಮ ಮಾತ್ರೆಯ ವಿಷಯ ಅವನಿಗೆ ಮೊದಲೇ ಗೊತ್ತಿರಬೇಕು. ಕಿರಿಯರ ಉತ್ಸಾಹಕ್ಕೆ ತಣ್ಣೀರೆರಚಲು ಹ್ಯೂರಾನ್ ಸರೋವರವೇ ಸಾಕು, ನೀವು ಧಾರಾಳವಾಗಿ ಹೇಳಿಬಿಡಿ.

ಪ್ರಶ್ನೆ: ನಮ್ಮದು ಮೂರು ತಲೆಮಾರಿನಿಂದ ದೋಣಿ ಇಟ್ಟುಕೊಂಡ ಮನೆ. ಅಜ್ಜನ ಕಾಲದ ಮರದ ದೋಣಿಗೆ ವರ್ಷವರ್ಷವೂ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯದಿದ್ದರೆ ಹುಳು ಹತ್ತಿ ಜರಡಿಯಾಗುತ್ತಿತ್ತು. ಅಮೆರಿಕ, ಕೆನಡಾಗಳ ಸರೋವರಗಳಲ್ಲಿ ನೂರೈವತ್ತು ವರ್ಷದ ಮರದ ಹಡಗು ಹಾಗೆಯೇ ಇದೆ ಎನ್ನುತ್ತಾರಲ್ಲ, ನಂಬುವುದು ಹೇಗೆ?
(ಕುಂದಾಪುರದ ಓದುಗರೊಬ್ಬರು)

ಉತ್ತರ: ನಿಮ್ಮ ಅಜ್ಜನ ದೋಣಿಯನ್ನು ತಿಂದ ಹುಳುವಿನಲ್ಲಿಯೇ ಉತ್ತರವಿದೆ. ಹುಳು ಎಂದು ಕರೆದರೂ ಅದು ಚಿಪ್ಪಿಯ ಬಳಗದ ಪ್ರಾಣಿ, ಮಳಿಯ ದೂರದ ನೆಂಟ. ಮೈ ಉದ್ದವಾಗಿ, ಚಿಪ್ಪು ತಲೆಯ ಕಡೆ ಪುಟ್ಟ ಅರದಂತೆ ಉಳಿದಿದೆ. ಅದರಿಂದ ಮರವನ್ನು ಕೊರೆದು ಸುರಂಗ ಮಾಡಿಕೊಳ್ಳುತ್ತದೆ. ಅದಕ್ಕೆ ಉಪ್ಪುನೀರು ಬೇಕು. ಅಮೆರಿಕ ಮತ್ತು ಕೆನಡಾಗಳ ನಡುವಿನ ಮಹಾಸರೋವರಗಳು ಅಪ್ಪಟ ಸಿಹಿನೀರಿನವಾದ್ದರಿಂದ ಅದು ಅಲ್ಲಿ ಬದುಕಲಾರದು. ಮೇಲಾಗಿ ತಳದ ಚಳಿಯಲ್ಲಿ ಮರ ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸವೂ ಬಹಳ ನಿಧಾನವಾಗುತ್ತದೆ. ಹಾಗೆಂದು ಆ ಹಡಗುಗಳಿಗೆ ಶತ್ರುಗಳೇ ಇಲ್ಲವೆಂದಲ್ಲ. 1988ರಲ್ಲಿ ಸೇಂಟ್ ಕ್ಲೇರ್ ಸರೋವರದಲ್ಲಿ ಮೊದಲು ಕಂಡ ಜೀಬ್ರಾ ಚಿಪ್ಪಿ ಮತ್ತು ಅದರ ಹಿಂದೆಯೇ ಬಂದ ಕ್ವಾಗಾ ಚಿಪ್ಪಿ, ಎರಡೂ ದೂರದೇಶಗಳ ಹಡಗುಗಳು ತುಂಬಿ ತಂದು ಚೆಲ್ಲಿದ ನೀರಿನಲ್ಲಿ ಬಂದವು. ಇವು ನೀರನ್ನು ಸೋಸಿ ಸೋಸಿ ತಿಳಿಯಾಗಿಸಿವೆ. ಡೈವರ್‌ಗಳಿಗೆ ದೂರದವರೆಗೆ ಕಾಣಿಸುತ್ತದೆ. ಆದರೆ ಆಂಟೇರಿಯೊ ಸರೋವರದ ಕಿಂಗ್‌ಸ್ಟನ್ ಬಳಿಯ ಹಡಗುಗಳಲ್ಲಿ ಅವು ಎಷ್ಟು ದಟ್ಟವಾಗಿ ಅಂಟಿಕೊಂಡಿವೆಯೆಂದರೆ, 1917ರಲ್ಲಿ ಮುಳುಗಿದ ‘ಜಾರ್ಜ್ ಎ. ಮಾರ್ಷ್’ನಂಥ ಚೆಂದದ ಹಾಯಿಹಡಗಿನ ಎಷ್ಟೋ ಭಾಗಗಳ ಮರವೇ ಕಾಣದೆ ಚಿಪ್ಪಿಯ ಗೊಂಚಲು ಕಾಣುತ್ತದೆ. ನೋಡಲು ಅನುಕೂಲ ಮಾಡಿಕೊಟ್ಟವರೇ ನೋಡಬೇಕಾದ್ದನ್ನು ಮುಚ್ಚಿಬಿಟ್ಟಿದ್ದಾರೆ.

ಪ್ರಶ್ನೆ: ಅಂಡಮಾನಿನಲ್ಲಿ ತೆಳ್ಳನೆಯ ಸೂಟು ತೊಟ್ಟು 5 ಕಿಲೋ ಸೀಸ ಕಟ್ಟಿಕೊಂಡು ಡೈವ್ ಮಾಡಿದ್ದೇನೆ. ಸಿಹಿನೀರಿನಲ್ಲಿ ತೇಲುವುದು ಕಡಿಮೆ ಎಂದು ಕೇಳಿ, ಇಲ್ಲಿ 3 ಕಿಲೋ ಸಾಕೆಂದು ಲೆಕ್ಕ ಹಾಕಿದ್ದೇನೆ. ಸರಿಯೇ?
(ಒಟ್ಟಾವದ ಓದುಗರೊಬ್ಬರು)

ಉತ್ತರ: ಅರ್ಧ ಸರಿ. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ಭಾರ. ನೀವೂ ನಿಮ್ಮ ಸಲಕರಣೆಯೂ ಸೇರಿ 100 ಕಿಲೋ ಇದ್ದರೆ ಸುಮಾರು 2.5 ಕಿಲೋ ಸೀಸವನ್ನು ಇಳಿಸಬಹುದು. ನೀವು ಬಿಟ್ಟದ್ದು ಸೂಟಿನ ಲೆಕ್ಕ. ಅಂಡಮಾನಿನ ತೆಳ್ಳನೆಯ ಸೂಟಿನಲ್ಲಿ ಇಲ್ಲಿ ಹತ್ತು ನಿಮಿಷವೂ ನಿಲ್ಲಲಾರಿರಿ. 7 ಮಿಲಿಮೀಟರ್ ದಪ್ಪದ ಎರಡು ಪದರದ ಸೂಟು, ಟೋಪಿ, ಕೈಗವಸು ಬೇಕು. ಆಳಕ್ಕೆ ಹೋಗುವವರಿಗೆ ನೀರು ಒಳನುಗ್ಗದ ಡ್ರೈಸೂಟೇ ಲೇಸು, ಆದರೆ ಅದಕ್ಕೆ ಬೇರೆ ತರಬೇತಿ ಅಗತ್ಯ. ಆ ದಪ್ಪ ಸೂಟು ಬೆಂಡಿನಂತೆ ತೇಲಿಸುವುದರಿಂದ ಒಟ್ಟಿನಲ್ಲಿ ನಿಮಗೆ ಅಂಡಮಾನಿಗಿಂತ ಹೆಚ್ಚೇ ಸೀಸ ಬೇಕಾಗುತ್ತದೆ. ಅಂಕಿಯನ್ನು ಕಾಗದದ ಮೇಲೆ ಹುಡುಕಬೇಡಿ. ದಡದ ಬಳಿ ಜಾಕೆಟ್ಟಿನ ಗಾಳಿಯನ್ನೆಲ್ಲ ಬಿಟ್ಟು ಸಾಧಾರಣ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು, ಉಸಿರು ಬಿಟ್ಟಾಗ ಮುಳುಗಬೇಕು. ತುಂಬಿದ ಸಿಲಿಂಡರಿನ ಗಾಳಿಯೇ ಎರಡೂವರೆ ಕಿಲೋಗೂ ಹೆಚ್ಚು ತೂಗುವುದರಿಂದ, ಅದು ಖಾಲಿಯಾಗುವಾಗ ಮೇಲಕ್ಕೆ ಎಳೆಯದಂತೆ ಸುಮಾರು 2 ಕಿಲೋ ಸೇರಿಸಿಕೊಳ್ಳಿ. ಇನ್ನೊಂದು ಮಾತು: ಆಳಕ್ಕೆ ಹೋದಂತೆ ಸೂಟಿನ ರಬ್ಬರು ಹಿಂಡಿಹೋಗಿ ತೇಲಿಸುವ ಶಕ್ತಿಯನ್ನೂ ಬೆಚ್ಚಗಿಡುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ, ಆದ್ದರಿಂದ ಹತ್ತು ಮೀಟರಿನ ನಂತರ ಇಳಿಯುವ ವೇಗ ತಾನಾಗಿಯೇ ಹೆಚ್ಚುತ್ತದೆ. ತಳದ ಹೂಳಿನ ಮೇಲೆ ಧೊಪ್ಪನೆ ಕೂತರೆ, ಎದ್ದ ಕೆಸರು ನಿಮ್ಮ ಹಿಂದೆ ಬರುವ ಎಲ್ಲ ಜೋಡಿಗಳ ನೋಟವನ್ನೂ ಕೆಡಿಸುತ್ತದೆ.

ಪ್ರಶ್ನೆ: ನಾವು ಮಿಷಿಗನ್‌ನ ಅಲ್ಪೀನಾದ ಬಳಿ ಡೈವ್ ಮಾಡಲಿದ್ದೇವೆ. ಸಡಿಲವಾಗಿ ಬಿದ್ದಿರುವ ಒಂದು ಮೊಳೆಯನ್ನೋ ರಾಟೆಯ ತುಂಡನ್ನೋ ನೆನಪಿಗೆ ತಂದರೆ ಯಾರಿಗೆ ನಷ್ಟ?
(ಡೆಟ್ರಾಯಿಟ್ ಸಮೀಪದ ಓದುಗರೊಬ್ಬರು)

ಉತ್ತರ: ನಿಮ್ಮ ನಂತರ ಬರುವವರಿಗೆ ನಷ್ಟ, ಸಿಕ್ಕಿಬಿದ್ದರೆ ನಿಮಗೂ. ಅಲ್ಪೀನಾದ ಸುತ್ತಲಿನ ನೀರು 2000ದಲ್ಲಿ ಸ್ಥಾಪಿತವಾದ ಥಂಡರ್ ಬೇ ರಾಷ್ಟ್ರೀಯ ಸಾಗರ ಅಭಯಾರಣ್ಯ. 2014ರಲ್ಲಿ ಅದನ್ನು ಇನ್ನೂ ವಿಸ್ತರಿಸಿದರು. ಹಡಗಿನ ಯಾವ ಭಾಗವನ್ನು ಕದಲಿಸಿದರೂ ಅದು ಅಪರಾಧ. ಗಡಿಯಾಚೆ ಫ್ಯಾದಮ್ ಫೈವ್‌ನಲ್ಲಿಯೂ ಇದೇ ನಿಯಮ. ಆಂಟೇರಿಯೊ ಪ್ರಾಂತ್ಯವಂತೂ ಮೂರು ಹಡಗುಗಳ ಬಳಿ ಪರವಾನಗಿಯಿಲ್ಲದೆ ಸುಳಿಯಬಾರದೆಂದೇ ನಿಯಮ ಮಾಡಿದೆ: 1813ರಲ್ಲಿ ಮುಳುಗಿದ ‘ಹ್ಯಾಮಿಲ್ಟನ್’ ಮತ್ತು ‘ಸ್ಕರ್ಜ್’, ಹಾಗೂ 1975ರ ನವೆಂಬರ್ 10ರಂದು 29 ಮಂದಿಯೊಡನೆ ಮುಳುಗಿದ ‘ಎಡ್ಮಂಡ್ ಫಿಟ್ಜೆರಾಲ್ಡ್’. ಅವು ಹಡಗುಗಳೂ ಹೌದು, ಅವುಗಳಲ್ಲಿದ್ದವರ ಸಮಾಧಿಗಳೂ ಹೌದು. ನೆನಪಿಗೆ ಒಂದು ಒಳ್ಳೆಯ ಟಾರ್ಚು ಮತ್ತು ಕ್ಯಾಮೆರಾ ಒಯ್ಯಿರಿ.

ಪ್ರಶ್ನೆ: ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ತಗ್ಗಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟೆ ತಲೆಯೆತ್ತುತ್ತದೆ. ನೀರು ತುಂಬಿದಾಗ ಅಲ್ಲಿಯೂ ಹೀಗೆ ಡೈವ್ ಮಾಡಬಹುದಲ್ಲವೇ?
(ಸಾಗರದ ಓದುಗರೊಬ್ಬರು)

ಉತ್ತರ: ಆಸೆ ನನಗೂ ಇದೆ, ಆದರೆ ಸಲಹೆ ಕೊಡಲಾರೆ. 1960ರ ದಶಕದಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಮುಳುಗಿದ ಆ ಕಟ್ಟೆಯ ಸುತ್ತ ಮಳೆಗಾಲದ ಕೆಂಪು ನೀರಿನಲ್ಲಿ ಚಾಚಿದ ಕೈಯೇ ಕಾಣದು. ಮುಳುಗಿದ ಮರಗಳ ಕೊಂಬೆಗಳಿಗೆ ಬಲೆಗಳು ಸಿಕ್ಕಿಕೊಂಡಿರುವುದು ಸಾಧ್ಯ. ಅನುಮತಿಯ ಪ್ರಶ್ನೆ ಬೇರೆ. ಹೆಚ್ಚಿನವರು ಮರೆಯುವ ಇನ್ನೊಂದು ಸಂಗತಿಯಿದೆ. ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 1,819 ಅಡಿ, ಅಂದರೆ ಸುಮಾರು 554 ಮೀಟರ್. 300 ಮೀಟರಿಗಿಂತ ಎತ್ತರದ ನೀರಿನಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂದು ಹೇಳುವ ಡೈವಿನ ಕೋಷ್ಟಕಗಳನ್ನೇ ತಿದ್ದಿಕೊಳ್ಳಬೇಕಾಗುತ್ತದೆ. ಹ್ಯೂರಾನ್ ಸರೋವರ 176 ಮೀಟರ್ ಎತ್ತರದಲ್ಲಿರುವುದರಿಂದ ಟೋಬರ್ಮರಿಗೆ ಹೋಗುವವರಿಗೆ ಈ ತೊಡಕಿಲ್ಲ.

ಪ್ರಶ್ನೆ: ಗಂಡನೂ ಅವರ ಗೆಳೆಯರೂ ಡೈವ್ ಮಾಡುತ್ತಾರೆ, ನಾನು ಮಾಡುವುದಿಲ್ಲ. ಎರಡು ದಿನ ದಡದಲ್ಲಿ ಕೂತು ಅಡುಗೆ ಕಾಯುವುದೇ ನನ್ನ ಕೆಲಸವೇ?
(ಬ್ರಾಂಪ್ಟನ್‌ನ ಓದುಗರೊಬ್ಬರು)

ಉತ್ತರ: ಖಂಡಿತ ಅಲ್ಲ. ಗಾಜಿನ ತಳದ ದೋಣಿಯಲ್ಲಿ ಕುಳಿತರೆ ಸ್ವೀಪ್‌ಸ್ಟೇಕ್ಸ್ ಹಡಗನ್ನು ಮೈ ಒದ್ದೆಯಾಗದೆ ನೋಡಬಹುದು, ನೀರು ತಿಳಿಯಾಗಿದ್ದ ದಿನ ಹಡಗಿನ ಇಡೀ ಆಕಾರ ಡೈವರ್‌ಗಳಿಗಿಂತ ನಿಮಗೇ ಚೆನ್ನಾಗಿ ಕಾಣುತ್ತದೆ. ಅಲ್ಲಿಂದ ಮುಂದೆ ಫ್ಲವರ್‌ಪಾಟ್ ದ್ವೀಪದಲ್ಲಿ ಇಳಿದು, ಹೂಕುಂಡದ ಆಕಾರಕ್ಕೆ ಸವೆದ ಬಂಡೆಗಂಬಗಳ ನಡುವೆ ನಡೆದಾಡಬಹುದು. ಬ್ರೂಸ್ ಕಾಲುದಾರಿಯ ಉತ್ತರದ ತುದಿಯೂ ಟೋಬರ್ಮರಿಯಲ್ಲಿಯೇ ಇದೆ.

ಆದರೂ ಡೈವ್ ನಡೆಯುವ ಹೊತ್ತಿನಲ್ಲಿ ನಿಮ್ಮಿಂದ ಒಂದು ಉಪಕಾರವಾಗಬೇಕು, ಅದು ಅಡುಗೆಯಲ್ಲ. ಯಾವ ಜೋಡಿ ಎಷ್ಟು ಗಂಟೆಗೆ ನೀರಿಗಿಳಿಯಿತು, ಎಷ್ಟು ನಿಮಿಷಕ್ಕೆ ಮೇಲೆ ಬರುವುದಾಗಿ ಹೇಳಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕಾರಿನ ಕೀಲಿಗಳು ಮತ್ತು ಎಲ್ಲರ ಆರೋಗ್ಯವಿಮೆಯ ಕಾರ್ಡುಗಳು ನಿಮ್ಮ ಬಳಿಯಿರಲಿ. ತುರ್ತು ಸಂಖ್ಯೆ 911 ಎಲ್ಲರಿಗೂ ಗೊತ್ತಿರುತ್ತದೆ, ಆದರೆ ನಾವು ನಿಂತ ಜಾಗದ ಹೆಸರು ಹೇಳಲು ತಡವರಿಸುತ್ತೇವೆ; ಅದನ್ನೂ ಚೀಟಿಯ ತಲೆಯಲ್ಲಿ ಬರೆಯಿರಿ. ಮೇಲೆ ಬಂದವರ ಬೆರಳು ಜೋಮು ಹಿಡಿದಿರುವುದರಿಂದ ಜಿಪ್ಪು ಎಳೆಯಲು ಕೈಕೊಡಬೇಕಾಗುತ್ತದೆ. ಒಣ ಟವೆಲ್ಲು, ಉಣ್ಣೆಯ ಟೋಪಿ ಮತ್ತು ಫ್ಲಾಸ್ಕಿನಲ್ಲಿ ತೆಳ್ಳನೆಯ ಬಿಸಿ ಸಾರು ಇದ್ದರೆ ಸಾಕು. ಬಿಸಿಬೇಳೆಬಾತು ಕೊನೆಯ ಡೈವ್ ಮುಗಿದ ಮೇಲೆ, ಬಿಯರ್ ಕೂಡ. ನಿಮ್ಮ ಯಜಮಾನರು ಶುಕ್ರವಾರ ರಾತ್ರಿಯೇ ಬಾಟಲಿ ತೆರೆಯಲು ಹೊರಟರೆ, ಮರುದಿನದ ಚೀಟಿಯಲ್ಲಿ ಅವರ ಹೆಸರು ಇರುವುದಿಲ್ಲವೆಂದು ಈಗಲೇ ತಿಳಿಸಿಬಿಡಿ.